ಸುಳಿಗೀರು

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಧಾರವಾಡದಿಂದ ಪುಣೆಗೆ ಮರಳುತ್ತ, ಸಾತಾರಾ ದಾಟಿದ ಮೇಲೆ ಪೆಟ್ರೋಲ್ ಪಂಪೊಂದರಲ್ಲಿ ಕಾರು ನಿಲ್ಲಿಸಿದೆ. ತಲೆಯ ಮೇಲೆ ಸಾಲಾಗಿ ಬಿಳಿಯ ಎಲ್‌ಇಡಿ ದೀಪಗಳು. ಕೆಳಗಿಳಿದು ನೋಡಿದರೆ ನನ್ನ ಕಪ್ಪು ಕಾರಿನ ಬಾನೆಟ್ಟಿನ ಮೇಲೆ, ಒಂದೊಂದು ದೀಪದ ಬಿಂಬದ ಸುತ್ತಲೂ, ಕೂದಲೆಳೆಯಂಥ ನೂರಾರು ಗೀರುಗಳು ಜೇಡರ ಬಲೆಯ ಹಾಗೆ ಸುತ್ತಿಕೊಂಡಿದ್ದವು. ಏಳು ವರ್ಷ ಜೋಪಾನವಾಗಿ ಇಟ್ಟುಕೊಂಡ ಕಾರು. ಹಗಲಿನಲ್ಲಿ, ಪಾರ್ಕಿಂಗಿನ ಮಬ್ಬಿನಲ್ಲಿ, ಎಂದೂ ಕಂಡಿರಲಿಲ್ಲ. ಮನೆ ಮುಟ್ಟುವವರೆಗೆ ಮನಸ್ಸಿನಲ್ಲಿ ಒಂದೇ ಮಾತು ಕುದಿಯುತ್ತಿತ್ತು: ಇದು ಕಾಕಾನ ಕೆಲಸ.

ಕಾಕಾ ನಮ್ಮ ಸೊಸೈಟಿಯಲ್ಲಿ ಕಾರು ಒರೆಸುವವರು. ಅರವತ್ತರ ಆಸುಪಾಸಿನ ಗಿಡ್ಡ ಮನುಷ್ಯ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿ. ಬೆಳಗಿನ ಐದೂವರೆಗೆ ಒಂದು ಬಕೆಟ್ಟು, ಎರಡು ಹಳೆಯ ಬಟ್ಟೆ ಹಿಡಿದು ಬರುತ್ತಿದ್ದರು. ನಾನು ವಾಕಿಂಗಿಗೆ ಇಳಿಯುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಆ ಹತ್ತು ನಿಮಿಷ ನಾವು ಮಾತನಾಡುತ್ತಿದ್ದೆವು. ನಿಂಬೆಯ ದರ, ಅವರ ಮೊಮ್ಮಗಳ ಶಾಲೆ, ಭೀಮಾ ನದಿಗೆ ನೀರು ಬಂತೋ ಇಲ್ಲವೋ. ಪುಣೆಯ ಮುಳಾ-ಮುಠಾ ಹರಿದುಹೋಗಿ ಸೇರುವುದೂ ಅದೇ ಭೀಮೆಯನ್ನು ಎಂದು ನಾನು ಹೇಳಿದಾಗ ಅವರು ಬಹಳ ಹೊತ್ತು ನಕ್ಕಿದ್ದರು. ಮನೆಯಲ್ಲಿ ಮಕ್ಕಳದು ಮರಾಠಿ ಮತ್ತು ಇಂಗ್ಲಿಷು, ಕಚೇರಿಯಲ್ಲಿ ಹಿಂದಿ. ತಾಯಿಯೊಡನೆ ಫೋನಿನಲ್ಲಿ ಆಡುವ ಮಾತನ್ನು ಬಿಟ್ಟರೆ ನನ್ನ ದಿನದ ಕನ್ನಡ ಆ ಹತ್ತು ನಿಮಿಷದ್ದೇ ಆಗಿತ್ತು.

ಮರುದಿನ ಬೆಳಿಗ್ಗೆ ಅವರನ್ನು ಕರೆದು, ಮೊಬೈಲಿನ ಟಾರ್ಚನ್ನು ಬಾನೆಟ್ಟಿಗೆ ಹಿಡಿದು ತೋರಿಸಿದೆ. ನೋಡಿ, ಎಲ್ಲ ಗೋಲಾಕಾರ, ನೀವು ಬಟ್ಟೆಯನ್ನು ಗರಗರ ತಿರುಗಿಸಿ ತಿಕ್ಕಿದ್ದೀರಿ ಎಂದೆ. ಅವರು ಬಗ್ಗಿ ನೋಡಿ, "ನಾ ಗುಂಡಕ ತಿಕ್ಕಂಗಿಲ್ರಿ ಸಾಹೇಬ್ರ, ಉದ್ದಕ ಎಳೀತೀನಿ. ನೀರs ಕಮ್ಮಿ ಬೀಳ್ತಾವ್ರಿ" ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. ನಾಳೆಯಿಂದ ನನ್ನ ಕಾರು ಮುಟ್ಟುವುದು ಬೇಡ ಎಂದು ತಿಂಗಳ ಲೆಕ್ಕ ಚುಕ್ತಾ ಮಾಡಿದೆ. ಇದಿಷ್ಟನ್ನೂ ನಾನು ಹೇಳಿದ್ದು ಹಿಂದಿಯಲ್ಲಿ. ಅವರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರೂ ನನ್ನ ಸಿಟ್ಟಿಗೆ ಹಿಂದಿಯೇ ಬೇಕಾಯಿತು. ಯಾಕೆಂದು ಆಗ ಯೋಚಿಸಲಿಲ್ಲ.

ಗೀರುಗಳನ್ನು ನಾನೇ ತೆಗೆಯುವೆನೆಂದು ಹಟ ತೊಟ್ಟೆ. ಕೈಗೆ ಮತ್ತು ಕಾರಿಗೆ ಆಗಬಹುದಾದ ಅಪಾಯವನ್ನು ಓದಿ ತಿಳಿದುಕೊಳ್ಳಲು ಒಂದು ತಿಂಗಳು ಹಿಡಿಯಿತು. ಮೊದಲು ತಿಳಿದದ್ದು, ಈ ಗೀರುಗಳು ಬಣ್ಣದ ಮೇಲೆ ಇಲ್ಲ ಎಂಬ ಸಂಗತಿ. ಕಪ್ಪು ಬಣ್ಣ ಕೆಳಗೆ ಸುರಕ್ಷಿತವಾಗಿರುತ್ತದೆ. ಅದರ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಒಂದು ಪದರವಿರುತ್ತದೆ. ಅದೇ ಕ್ಲಿಯರ್ ಕೋಟ್. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ, ಕಾರಿಗೆ ಹೊಳಪು ಕೊಡುವುದೂ ಅದೇ. ಅದರ ದಪ್ಪ ಸುಮಾರು 40 ಮೈಕ್ರಾನ್. ನಮ್ಮ ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ.

ಎರಡನೆಯದಾಗಿ ತಿಳಿದದ್ದು ನನ್ನನ್ನು ಕೂರಗೊಡಲಿಲ್ಲ. ಸುಳಿಗೀರು ಸುಳಿಯಾಗಿಯೇ ಇರಬೇಕಾಗಿಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ದೀಪದ ಬಿಂಬದ ಸುತ್ತ, ಅದಕ್ಕೆ ಅಡ್ಡಲಾಗಿ ಬಿದ್ದ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ದಾಟಿಸುತ್ತವೆ, ಉಳಿದವು ಕತ್ತಲೆಯಲ್ಲಿ ಅಡಗುತ್ತವೆ. ಕಂಡಷ್ಟು ತುಣುಕುಗಳು ಕೂಡಿ ವರ್ತುಲವಾಗುತ್ತವೆ. ದೀಪವನ್ನು ಆಚೆ ಸರಿಸಿದರೆ ವರ್ತುಲವೂ ಅದರ ಜೊತೆಗೆ ಸರಿಯುತ್ತದೆ. ರಾತ್ರಿ ಕೆಳಗಿಳಿದು ಟಾರ್ಚು ಹಿಡಿದು ಪರೀಕ್ಷಿಸಿದೆ. ಕೈಯನ್ನು ಒಯ್ದಲ್ಲೆಲ್ಲ ಸುಳಿ ಬಂತು. ಕಾಕಾ ಉದ್ದಕ್ಕೆ ಎಳೆದಿದ್ದರೂ ಗುಂಡಗೆ ತಿಕ್ಕಿದ್ದರೂ ನನಗೆ ಕಾಣುತ್ತಿದ್ದದ್ದು ವರ್ತುಲವೇ. ನಾನು ಸಾಕ್ಷಿಯೆಂದು ತೋರಿಸಿದ್ದು ನನ್ನದೇ ಕೈಯಲ್ಲಿದ್ದ ದೀಪದ ಆಟ.

ಕೆಲಸ ಶುರುವಾದದ್ದು ಒಂದು ಶನಿವಾರ. ಎರಡು ಬಕೆಟ್ ಇಟ್ಟುಕೊಳ್ಳಬೇಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆಯನ್ನು ಜಾಲಿಸುವುದಕ್ಕೆ. ತೊಳೆದ ಮೇಲೆ ಜಿಗುಟು ಮಣ್ಣಿನಂಥ ಕ್ಲೇ ಬಾರನ್ನು ಒದ್ದೆ ಮೈಮೇಲೆ ಸರಿಸಿ, ಅಂಟಿಕೊಂಡ ಕಣಗಳನ್ನು ಎತ್ತಬೇಕು. ರಬ್ಬರು, ಪ್ಲಾಸ್ಟಿಕ್ಕು, ಅಂಚುಗಳಿಗೆ ಕಾಗದದ ಟೇಪು ಹಚ್ಚಬೇಕು, ಏಕೆಂದರೆ ಅಂಚಿನಲ್ಲಿ ಲೇಪ ತೆಳ್ಳಗಿರುತ್ತದೆ. ಆಮೇಲೆ ಯಂತ್ರ. ಅದರ ಪ್ಯಾಡು ತನ್ನ ಸುತ್ತ ತಿರುಗುತ್ತಲೇ ಓಲಾಡುತ್ತದೆ, ಹೀಗಾಗಿ ಒಂದೇ ಕಡೆ ಬಿಸಿಯೇರಿ ಲೇಪ ಸುಡುವ ಭಯ ಕಡಿಮೆ.

ಅತಿ ಮೆತ್ತಗಿನದರಿಂದ ಆರಂಭಿಸಬೇಕೆಂಬುದು ನಿಯಮ. ಮೃದು ಫೋಮಿನ ಪ್ಯಾಡು, ನುಣುಪಾದ ಪಾಲಿಷು ಹಚ್ಚಿ, ಎರಡಡಿ ಚೌಕದಲ್ಲಿ ನಿಧಾನವಾಗಿ ಅಡ್ಡ, ಉದ್ದ ನಾಲ್ಕು ಸಲ ಓಡಿಸಿದೆ. ಒರೆಸಿ ದೀಪ ಹಿಡಿದರೆ ಒಂದು ಗೀರೂ ಅಲುಗಿರಲಿಲ್ಲ. ಜಪಾನಿ ಕಾರುಗಳ ಲೇಪ ಸಾಮಾನ್ಯವಾಗಿ ಮೃದು, ಜರ್ಮನ್ ಕಾರುಗಳದು ಗಟ್ಟಿ ಎಂದು ಈ ಕಸುಬಿನವರು ಹೇಳುತ್ತಾರೆ. ನನ್ನದು ಜರ್ಮನ್ ಕಂಪನಿಯ ಕಾರು. ಗಟ್ಟಿಯೆಂದರೆ ಗೀರು ಬೀಳದೆಂದು ನಾನು ತಿಳಿದಿದ್ದೆ. ಆದರೆ ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಅವುಗಳ ಮುಂದೆ ಯಾವ ಕಾರಿನ ಲೇಪವೂ ಮೆತ್ತಗೆಯೇ. ಗಟ್ಟಿ ಲೇಪಕ್ಕೆ ಗೀರು ತಡವಾಗಿ ಬೀಳುತ್ತದೆ, ಬಿದ್ದದ್ದು ಬೇಗ ಬಿಡುವುದಿಲ್ಲ. ಕೊನೆಗೆ ಮೈಕ್ರೋಫೈಬರ್ ಪ್ಯಾಡಿಗೆ ಒರಟು ಕಾಂಪೌಂಡ್ ಹಚ್ಚಿ ಭಾರ ಹಾಕಬೇಕಾಯಿತು. ಗೀರುಗಳು ಹೋದವು, ಅವುಗಳ ಜಾಗದಲ್ಲಿ ಆ ಪ್ಯಾಡಿನದೇ ಮಸುಕು ಉಳಿಯಿತು. ಅದನ್ನು ತೆಗೆಯಲು ಮತ್ತೆ ಫೋಮು, ಮತ್ತೆ ನುಣುಪು ಪಾಲಿಷು. ಪಾಲಿಷಿನ ಎಣ್ಣೆ ಗೀರಿನೊಳಗೆ ಕುಳಿತು ಅದನ್ನು ಮರೆಮಾಡುವುದುಂಟು. ಅದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಿದ ನಂತರವೇ ಫಲಿತಾಂಶವನ್ನು ನಂಬಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಾವು ಗೀರನ್ನು ಅಳಿಸುವುದಿಲ್ಲ. ಗೀರೆಂದರೆ ಒಂದು ಕಾಲುವೆ, ಅದನ್ನು ತುಂಬಲು ಬರುವುದಿಲ್ಲ. ಅದರ ಸುತ್ತಲಿನ ನೆಲವನ್ನೇ ಕಾಲುವೆಯ ತಳದವರೆಗೆ ಇಳಿಸುತ್ತೇವೆ. ದಪ್ಪ ಅಳೆಯುವ ಮೀಟರೊಂದನ್ನು ಎರವಲು ತಂದಿದ್ದೆ. ಬಾನೆಟ್ಟಿನ ಮೇಲೆ ಎಲ್ಲ ಪದರಗಳು ಕೂಡಿ 118 ಮೈಕ್ರಾನ್ ತೋರಿಸುತ್ತಿದ್ದ ಜಾಗದಲ್ಲಿ ಕೆಲಸ ಮುಗಿದ ಮೇಲೆ 114 ತೋರಿಸಿತು. ಆ ನಾಲ್ಕು ಮೈಕ್ರಾನ್ ಮರಳಿ ಬರುವುದಿಲ್ಲ. ಕಾರಿನ ಆಯುಷ್ಯದಲ್ಲಿ ಇದನ್ನು ಹಲವು ಬಾರಿ ಮಾಡುವ ಹಾಗಿಲ್ಲ.

ಎರಡನೆಯ ಶನಿವಾರ ಸ್ಟೂಲು ಹತ್ತಿ ಕಾರಿನ ಮೇಲ್ಛಾವಣಿಗೆ ದೀಪ ಹಿಡಿದೆ. ಕಾಕಾನ ಕೈ ಅದರ ನಟ್ಟನಡುವಿಗೆ ಎಟುಕುತ್ತಿರಲಿಲ್ಲ. ಅಲ್ಲಿ ಒಂದು ಮೊಳದಗಲದ ಧೂಳಿನ ಪಟ್ಟಿ ಯಾವಾಗಲೂ ಉಳಿದಿರುತ್ತಿತ್ತು. ಭಾನುವಾರ ಮದುವೆ, ಮುಂಜಿಗೆ ಹೊರಡುವ ಮುಂಚೆ ಆ ಪಟ್ಟಿಯನ್ನು ನಾನೇ ಗೊಂಡೆಯ ಡಸ್ಟರಿನಿಂದ ಒಣಗಿದ್ದಂತೆಯೇ ಝಾಡಿಸುತ್ತಿದ್ದೆ. ಇಡೀ ಕಾರಿನಲ್ಲಿ ಅತ್ಯಂತ ದಟ್ಟವಾದ ಗೀರುಗಳಿದ್ದದ್ದು ಅಲ್ಲಿ. ಅದನ್ನು ನಾನಲ್ಲದೆ ಬೇರಾರೂ ಮುಟ್ಟಿರಲಿಲ್ಲ.

ಯಂತ್ರ ಆರಿಸಿ ಸ್ಟೂಲಿನ ಮೇಲೆ ಕುಳಿತೆ. ಜಾಲಿಸುವ ಬಕೆಟ್ಟಿನ ತಳದಲ್ಲಿ ಒಂದೇ ಕಾರಿನಿಂದ ಇಳಿದ ಮರಳು ಕಾಣುತ್ತಿತ್ತು. ಆಗ "ನೀರs ಕಮ್ಮಿ ಬೀಳ್ತಾವ್ರಿ" ಎಂಬ ಮಾತು ನೆನಪಾಯಿತು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ನಮ್ಮ ಸೊಸೈಟಿಯಲ್ಲಿ ಕಾರಿಗೆ ಪೈಪು ಹಿಡಿಯಬಾರದು, ಒರೆಸುವವರಿಗೆ ದಿನಕ್ಕೆ ಒಂದೇ ಬಕೆಟ್ ನೀರು ಎಂಬ ನಿಯಮವಾಗಿತ್ತು. ಆ ಸಭೆಯಲ್ಲಿ ಕೈಯೆತ್ತಿದವರಲ್ಲಿ ನಾನೂ ಒಬ್ಬ. ಒಂದು ಬಕೆಟ್ಟಿಗೆ ಹನ್ನೆರಡು ಕಾರು. ಲಿಫ್ಟಿನ ಕಡೆಯಿಂದ ಎಣಿಸಿದೆ, ನನ್ನದು ಒಂಬತ್ತನೆಯದು. ಎಂಟು ಕಾರುಗಳ ಮಣ್ಣು ಕಲಸಿದ ನೀರಿನಲ್ಲಿ ಅದ್ದಿದ ಬಟ್ಟೆ ನನ್ನ ಕಾರಿಗೆ ಬರುತ್ತಿತ್ತು, ಅದೂ ಪ್ರತಿದಿನ, ಏಕೆಂದರೆ ಪ್ರತಿದಿನ ಹೊಳೆಯಬೇಕೆಂದವನು ನಾನೇ.

ಕಾಕಾ ನಮ್ಮ ಸೊಸೈಟಿಯ ಕೆಲಸವನ್ನೇ ಬಿಟ್ಟಿದ್ದರು. ನಾನು ಬಿಡಿಸಿದ ಮೇಲೆ ಇನ್ನಿಬ್ಬರು ತಮ್ಮ ಕಾರುಗಳನ್ನೂ ಟಾರ್ಚು ಹಿಡಿದು ನೋಡಿದ್ದರಂತೆ. ಸೋಮವಾರ ಬೆಳಿಗ್ಗೆ ಹುಡುಕಿಕೊಂಡು ಹೋದಾಗ ಹಿಂದಿನ ಓಣಿಯ ಕಟ್ಟಡದಲ್ಲಿ ಸಿಕ್ಕರು. "ಕಾಕಾ, ತಪ್ಪು ನಂದಾಗೇತ್ರಿ" ಎಂದೆ. ಬಟ್ಟೆ ಹಿಂಡುತ್ತಲೇ ಅವರು, "ಠೀಕ್ ಹೈ ಸಾಹಬ್, ಕೋಯಿ ಬಾತ್ ನಹೀ" ಎಂದರು.

ನನ್ನ ಮುಖಕ್ಕೆ ನೀರೆರಚಿದ್ದರೂ ಅಷ್ಟು ತಟ್ಟುತ್ತಿರಲಿಲ್ಲ. ಸಿಟ್ಟಿನಲ್ಲಿ ನನಗೆ ಹಿಂದಿ ಯಾಕೆ ಬೇಕಾಯಿತೆಂಬುದು ಆಗ ತಿಳಿಯಿತು. ಕನ್ನಡದಲ್ಲಿ ಅವರು ಕಾಕಾ. ಕಾಕಾನನ್ನು ಹಾಗೆ ನಿಲ್ಲಿಸಿ ಬೈಯಲು ನನ್ನಿಂದ ಆಗುತ್ತಿರಲಿಲ್ಲ.

ಸೊಸೈಟಿಯ ಸಭೆಯಲ್ಲಿ ಹಳೆಯ ನಿಯಮದ ವಿಷಯ ಎತ್ತಿದೆ. ವಾದ ನಡೆಯಿತು. ಕಡೆಗೆ ಒಪ್ಪಿದ್ದಿಷ್ಟು: ದಿನವೂ ಒರೆಸುವುದು ಬೇಡ, ಒಂದು ಕಾರಿಗೆ ವಾರಕ್ಕೆ ಎರಡೇ ಸಲ, ಪ್ರತಿ ಕಾರಿಗೂ ಹೊಸ ನೀರು, ಸಂಬಳ ಮೊದಲಿನಷ್ಟೇ. ಬೇರೆ ದಿನ ಧೂಳು ಕೂತರೆ ಕೂರಲಿ. ಧೂಳು ತಾನಾಗಿ ಗೀರುವುದಿಲ್ಲ, ಒಣಗಿದ್ದನ್ನು ಉಜ್ಜಿದರೆ ಗೀರುತ್ತದೆ. ಮುಂದಿನ ತಿಂಗಳಿನಿಂದ ಕಾಕಾ ಬಂದರು. ಬುಧವಾರ, ಭಾನುವಾರ ನನ್ನ ಕಾರು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಕೇಳುತ್ತಲೇ ಇದ್ದೆ. ಹೀಗೆ ಎರಡು ತಿಂಗಳು ಕಳೆದವು.

ಕಳೆದ ಭಾನುವಾರ ಅವರು ಚಾಲಕನ ಬಾಗಿಲ ಹಿಡಿಕೆಯ ಬಳಿ ನಿಂತು ಬೆರಳಾಡಿಸುತ್ತಿದ್ದರು. ಅಲ್ಲಿ ಉಗುರಿಗೆ ಸಿಗುವಷ್ಟು ಆಳದ ಒಂದು ಗೀರು ಉಳಿದಿದೆ.

"ಇದೊಂದು ಹೋಗಲಿಲ್ಲೇನ್ರಿ ಸಾಹೇಬ್ರ?"

"ಇಲ್ರಿ ಕಾಕಾ. ಅದನ್ನ ತಗೀಲಿಕ್ಕೆ ಹೋದ್ರ ಮ್ಯಾಲಿನ ಪದರನs ಉಳಿಯೂದಿಲ್ಲ."

ಅವರು ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸಿದರು.

"ಇರ್ಲಿ ಬಿಡ್ರಿ ಮತ್ತ. ಗಾಡಿ ನಡೀತೈತಲ್ಲ."