ತಾರೀಖು ಮರೆತ ಪೆಟ್ಟಿಗೆ

ತಾರೀಖುಗಳನ್ನು ತಿದ್ದಿ ಹೊಟ್ಟೆ ಹೊರೆದವನು ನಾನು. ಹೀಗೆಂದರೆ ಪಂಚಾಂಗ ಬರೆಯುವವರ ಉದ್ಯೋಗವೆಂದು ವಾಚಕರು ಭಾವಿಸಬಹುದು. ನನ್ನದು ಕಂಪ್ಯೂಟರಿನ ಕೆಲಸ. ಇಸವಿಯನ್ನು ನಾಲ್ಕು ಅಂಕಿಗಳಲ್ಲಿ ಬರೆಯಬೇಕಾದ ಕಡೆ ಜಾಗ ಉಳಿಸುವ ಆಸೆಯಿಂದ ಹಿಂದಿನವರು ಎರಡೇ ಅಂಕಿ ಬರೆದಿಟ್ಟಿದ್ದರು. ಆ ಜಿಪುಣತನದ ಫಲವಾಗಿ, 2000ನೆಯ ಇಸವಿ ಹುಟ್ಟಿದೊಡನೆ ಜಗತ್ತಿನ ಲೆಕ್ಕಪತ್ರಗಳೆಲ್ಲ ನೂರು ವರ್ಷ ಹಿಂದಕ್ಕೆ ಜಾರಿಬಿಡುವುವೆಂದು ಅಮೆರಿಕದವರು ಗಾಬರಿಗೊಂಡಿದ್ದ ಕಾಲವದು. ಅವರ ಗಾಬರಿಯ ಪುಣ್ಯದಿಂದ ನನ್ನಂತಹ ಎಷ್ಟೋ ಮಂದಿಗೆ ಅಲ್ಲಿ ಅನ್ನದ ದಾರಿಯಾಯಿತು. 1998ರಲ್ಲಿ ನಾನು, ನನ್ನಾಕೆ, ಒಂಬತ್ತು ವರ್ಷದ ಮಗ, ಮೂವರೂ ಮೈಸೂರಿನ ಚಾಮರಾಜಪುರಂ ಬಿಟ್ಟು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಪಟ್ಟಣದಲ್ಲಿ ನೆಲೆಸಿದೆವು.

ನಮ್ಮ ಕಸುಬಿನವರು 2000ದ ಜನವರಿಗಿಂತ ಮುಂಚೆಯೇ ಅಂಜುತ್ತಿದ್ದ ಮತ್ತೊಂದು ದಿನವಿತ್ತು. ಅದು 1999ರ ಸೆಪ್ಟೆಂಬರ್ 9. ಹಳೆಯ ಪ್ರೋಗ್ರಾಮುಗಳಲ್ಲಿ ಸಾಲಾಗಿ ಬರೆದ ಒಂಬತ್ತುಗಳಿಗೆ ‘ಇಲ್ಲಿಗೆ ಮುಗಿಯಿತು’ ಎಂಬ ಅರ್ಥವಿರುತ್ತಿದ್ದುದುಂಟು. ಆ ದಿನ ಏನಾಗುವುದೋ ಎಂದು ಎದೆ ಹಿಡಿದುಕೊಂಡು ಆಫೀಸಿನಲ್ಲಿ ಕುಳಿತಿದ್ದೆವು. ಏನೂ ಆಗಲಿಲ್ಲ. ಆಗದಿದ್ದ ಸಂತೋಷಕ್ಕೆ ಮನೆಗೆ ಮರಳುವಾಗ ಮಗನಿಗೆ ಏನಾದರೂ ಕೊಳ್ಳೋಣವೆಂದು ಅಂಗಡಿಗೆ ಹೊಕ್ಕರೆ ಅಲ್ಲಿ ಜನಜಾತ್ರೆ! ನಾವು ಹೆದರಿದ್ದ ಅದೇ ಒಂಬತ್ತುಗಳ ದಿನವನ್ನು ಜಪಾನಿನ ಸೆಗಾ ಕಂಪನಿಯವರು ಶುಭಮುಹೂರ್ತವೆಂದು ಆರಿಸಿ, ತಮ್ಮ ‘ಡ್ರೀಮ್‌ಕಾಸ್ಟ್’ ಎಂಬ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಅಮೆರಿಕದ ಮಾರುಕಟ್ಟೆಗೆ ಇಳಿಸಿದ್ದರು. ಬೆಲೆ 199 ಡಾಲರ್. ಮೊದಲ 24 ಗಂಟೆಗಳಲ್ಲೇ ಪೆಟ್ಟಿಗೆಯೂ ಆಟಗಳೂ ಸೇರಿ 9 ಕೋಟಿ 84 ಲಕ್ಷ ಡಾಲರಿನ ವ್ಯಾಪಾರವಾಯಿತಂತೆ. ಅದರಲ್ಲಿ ನನ್ನ ಪಾಲೂ ಇದೆ.

ಊಟದ ಡಬ್ಬಿಗಿಂತ ತುಸು ದೊಡ್ಡದಾದ ಬಿಳಿಯ ಪೆಟ್ಟಿಗೆ. ಮುಚ್ಚಳದ ಮೇಲೆ ಕಿತ್ತಳೆ ಬಣ್ಣದ ಸುರುಳಿ. ಅದರಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಎರಡು ಸಂಗತಿಗಳು. ಹುಟ್ಟುವಾಗಲೇ ಟೆಲಿಫೋನಿಗೆ ಸೇರಿಸುವ ಮೋಡೆಮ್ಮನ್ನು ಒಡಲಲ್ಲಿಟ್ಟುಕೊಂಡು ಬಂದಿತ್ತು, ಅದು ಒಂದು. ಇನ್ನೊಂದು, ಆಟದ ಸ್ಥಿತಿಯನ್ನು ನೆನಪಿಟ್ಟುಕೊಳ್ಳಲು ಬೇರೆಯಾಗಿ ಕೊಳ್ಳಬೇಕಾಗಿದ್ದ ಒಂದು ಪುಟ್ಟ ಬಿಲ್ಲೆ. ವಿಎಂಯು ಎಂದು ಅದರ ಹೆಸರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು; ಅದಕ್ಕೆ ತನ್ನದೇ ಒಂದು ಪರದೆ, ತನ್ನದೇ ಗುಂಡಿಗಳು. ಕೈಯಲ್ಲಿ ಹಿಡಿಯುವ ಕಂಟ್ರೋಲರಿನೊಳಗೆ ಅದನ್ನು ಕೂರಿಸಬಹುದು, ಬೇಕಾದರೆ ಕಿತ್ತು ಜೇಬಿಗೂ ಇಳಿಸಬಹುದು. ಈ ಬಿಲ್ಲೆಯನ್ನು ವಾಚಕರು ಮರೆಯಬಾರದು, ಮುಂದೆ ಬೇಕಾಗುತ್ತದೆ.

2000ದ ಬೇಸಿಗೆಯಲ್ಲಿ ನಮ್ಮ ತಂದೆಯವರು ನಮ್ಮಲ್ಲಿಗೆ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎರಡು ಹೊತ್ತು ಸಂಧ್ಯಾವಂದನೆ ತಪ್ಪಿಸಿದವರಲ್ಲ, ಈರುಳ್ಳಿಯನ್ನೂ ಮುಟ್ಟಿದವರಲ್ಲ. ಅವರಿಗೆ ಅಮೆರಿಕದಲ್ಲಿ ಮಾಡಲು ಏನೂ ಇರಲಿಲ್ಲ. ಕಾರಿಲ್ಲದೆ ಹೊರಗೆ ಹೋಗುವಂತಿಲ್ಲ, ಹರಟಲು ಪಡಸಾಲೆಯಿಲ್ಲ. ಮೊಮ್ಮಗನ ಬಳಿ ‘ಸೆಗಾ ಬಾಸ್ ಫಿಷಿಂಗ್’ ಎಂಬ ಆಟವೂ ಅದಕ್ಕೆಂದೇ ಮಾಡಿದ ಗಾಳದ ಕೋಲಿನಂತಹ ಒಂದು ಕಂಟ್ರೋಲರೂ ಇದ್ದವು. ಕೋಲನ್ನು ಬೀಸಿದರೆ ಪರದೆಯ ಮೇಲಿನ ಸರೋವರದಲ್ಲಿ ಗಾಳ ಬೀಳುತ್ತದೆ. ಮೀನು ಕಚ್ಚಿದೊಡನೆ ಹಿಡಿ ಗಡಗಡನೆ ಅದುರುತ್ತದೆ. ರಾಟೆಯನ್ನು ಸುತ್ತಿ ಎಳೆದುಕೊಳ್ಳಬೇಕು. ಮೂರು ದಿನ ದೂರದಲ್ಲಿ ಕುಳಿತು ನೋಡಿದ ತಂದೆಯವರು ನಾಲ್ಕನೆಯ ದಿನ ಕೇಳಿದರು:

“ಹಿಡಿದ ಮೀನನ್ನು ಏನು ಮಾಡುತ್ತಾರೋ?”

“ಮತ್ತೆ ನೀರಿಗೇ ಬಿಟ್ಟುಬಿಡುತ್ತಾರೆ ತಾತ.”

“ಹಾಗಾದರೆ ದೋಷವಿಲ್ಲ. ಕೊಡು ಇಲ್ಲಿ.”

ಅಂದಿನಿಂದ ಅಕ್ಟೋಬರಿನಲ್ಲಿ ಹೊರಡುವವರೆಗೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ದಿನಚರಿ ನಡೆಯಿತು. ಸಂಜೆ ಅರ್ಘ್ಯ ಕೊಟ್ಟು, ಪಂಚಪಾತ್ರೆ ಒರೆಸಿಟ್ಟು, ಆ ವೈದಿಕರು ಗಾಳ ಹಿಡಿದು ಕುಳಿತುಕೊಳ್ಳುವರು. ಮೊಮ್ಮಗ ಪಕ್ಕದಲ್ಲಿ ಕುಳಿತು, “ಈಗ ಎಳೀರಿ ತಾತ, ಈಗ!” ಎಂದು ಕೂಗುವನು. ಅವರು ಎಂದೂ ಅವಸರಪಟ್ಟವರಲ್ಲ. ಮೀನು ದಣಿಯುವವರೆಗೆ ದಾರ ಸಡಿಲಬಿಟ್ಟು ಮೆಲ್ಲನೆ ಸುತ್ತುವರು. ಹತ್ತನೆಯ ತರಗತಿಯ ದಡ್ಡ ಹುಡುಗರೊಡನೆ ಅವರು ನಡೆದುಕೊಳ್ಳುತ್ತಿದ್ದ ರೀತಿಯೂ ಇದೇ. ಹೊರಡುವ ಹಿಂದಿನ ರಾತ್ರಿಯೂ ಆಡಿದರು.

ಇನ್ನು ನಾನು ಹೇಳಬೇಕಾದದ್ದು ಸುಲಭದ ಮಾತಲ್ಲ.

2001ರ ಜನವರಿ 29ರಂದು ಅಮೆರಿಕದಲ್ಲಿ ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಎಂಬ ಆಟ ಹೊರಬಂದಿತು. ಮನೆಯಲ್ಲಿ ಕುಳಿತೇ ಟೆಲಿಫೋನ್ ತಂತಿಯ ಮೂಲಕ ದೇಶಾಂತರದವರೊಡನೆ ಸೇರಿ ಆಡುವ ಆಟ. ಜಪಾನೀ, ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಈ ಐದು ಭಾಷೆಗಳ ಸಿದ್ಧವಾಕ್ಯಗಳು ಅದರಲ್ಲಿದ್ದವು. ಒಬ್ಬನು ತನ್ನ ಭಾಷೆಯಲ್ಲಿ ಆರಿಸಿದ್ದು ಇನ್ನೊಬ್ಬನಿಗೆ ಅವನ ಭಾಷೆಯಲ್ಲಿ ಕಾಣಿಸುತ್ತಿತ್ತು. ಇನ್ನೊಂದೇ ಎರಡು ದಿನಕ್ಕೆ, ಜನವರಿ 31ರಂದು, ಡ್ರೀಮ್‌ಕಾಸ್ಟಿನ ತಯಾರಿಕೆಯನ್ನು ಮಾರ್ಚ್ ಕೊನೆಗೆ ನಿಲ್ಲಿಸುವುದಾಗಿ ಸೆಗಾ ಪ್ರಕಟಿಸಿತು. ಸೋನಿಯವರ ಪ್ಲೇಸ್ಟೇಷನ್ 2 ಆಗಲೇ ಬಂದಿತ್ತು. ಅದು ಡಿವಿಡಿ ಚಲನಚಿತ್ರಗಳನ್ನೂ ತೋರಿಸುತ್ತಿತ್ತು. ಜನ ಅತ್ತ ವಾಲಿದ್ದರು. ಒಟ್ಟು 91 ಲಕ್ಷ ಪೆಟ್ಟಿಗೆಗಳು ಮಾರಾಟವಾದರೂ ಕಂಪನಿಯ ನಷ್ಟ ತುಂಬಲಿಲ್ಲ. ಅದರ ಮುಖ್ಯಸ್ಥ ಇಸಾವೊ ಒಕಾವಾ ಎಂಬ ವೃದ್ಧರು ಸುಮಾರು 69 ಕೋಟಿ 50 ಲಕ್ಷ ಡಾಲರ್ ಬೆಲೆಯ ತಮ್ಮ ಸ್ವಂತ ಷೇರುಗಳನ್ನು ಕಂಪನಿಗೆ ಬಿಟ್ಟುಕೊಟ್ಟು, ಆ ಮಾರ್ಚಿಯಲ್ಲಿಯೇ ತೀರಿಕೊಂಡರು.

ಅದೇ ಮಾರ್ಚ್ ತಿಂಗಳ ಒಂದು ಶನಿವಾರ ರಾತ್ರಿ. ನಾನೂ ನನ್ನಾಕೆಯೂ ಮಲಗಿದ್ದೆವು. ಮಗ ಹಜಾರದಲ್ಲಿ ಆಡುತ್ತಿದ್ದ. ಮನೆಗೆ ಇದ್ದದ್ದು ಒಂದೇ ಟೆಲಿಫೋನ್ ಸಂಪರ್ಕ. ನಮ್ಮಲ್ಲಿ ಮೊಬೈಲ್ ಇರಲಿಲ್ಲ. ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಆ ಸಂಪರ್ಕವು ಆಟಕ್ಕೆ ಮೀಸಲಾಗಿತ್ತು. ಮೈಸೂರಿನಲ್ಲಿ ಅದು ಭಾನುವಾರದ ಮಧ್ಯಾಹ್ನ. ಎದೆನೋವೆಂದು ಮಲಗಿದ ತಂದೆಯವರು ನನ್ನೊಡನೆ ಮಾತನಾಡಬೇಕೆಂದರಂತೆ. ನನ್ನ ತಮ್ಮ ಬೂತಿನಿಂದ ಮತ್ತೆ ಮತ್ತೆ ಫೋನ್ ಮಾಡಿದ. ಪ್ರತಿಸಲವೂ ಎಂಗೇಜ್. ಮಗ ಆಟ ಮುಗಿಸಿ ಸಂಪರ್ಕ ಕಡಿದ ಕ್ಷಣದಲ್ಲೇ ಫೋನ್ ಬಾರಿಸಿತು. ಅಷ್ಟರಲ್ಲಿ ಮುಗಿದುಹೋಗಿತ್ತು.

ದುಃಖದ ಆವೇಗದಲ್ಲಿ ನಾನು ಹನ್ನೆರಡು ವರ್ಷದ ಹುಡುಗನಿಗೆ ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯಲಾರೆ. ಅವನು ಅಳಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಊರಿಗೆ ಹೋಗಿ ಕರ್ಮಾಂತರ ಮುಗಿಸಿ ಬಂದ ಮೇಲೆ, ಆ ಪೆಟ್ಟಿಗೆಯನ್ನೂ ಕಂಟ್ರೋಲರುಗಳನ್ನೂ ಗಾಳದ ಕೋಲನ್ನೂ ಎಲ್ಲ ಆಟಗಳನ್ನೂ ಮನೆಯ ಮುಂದಿಟ್ಟು, ದಾರಿಹೋಕನೊಬ್ಬನಿಗೆ 20 ಡಾಲರಿಗೆ ಮಾರಿಬಿಟ್ಟೆ. ಮಗ ಕಿಟಕಿಯಲ್ಲಿ ನಿಂತು ನೋಡಿದ. ಆಮೇಲೆ ನಮ್ಮ ಮನೆಯಲ್ಲಿ ಡ್ರೀಮ್‌ಕಾಸ್ಟಿನ ಹೆಸರನ್ನು ಯಾರೂ ಎತ್ತಲಿಲ್ಲ.

ಹನ್ನೊಂದು ವರ್ಷಗಳ ಬಳಿಕ ನಾವಿಬ್ಬರೂ ಮೈಸೂರಿಗೆ ಮರಳಿದೆವು; ಮಗ ಅಲ್ಲೇ ಉಳಿದ. 2024ರಲ್ಲಿ ಅವನನ್ನು ನೋಡಲು ಹೋದಾಗ ಅವನ ಹಜಾರದಲ್ಲಿ ಕಿತ್ತಳೆ ಸುರುಳಿಯ ಆ ಬಿಳಿಯ ಪೆಟ್ಟಿಗೆ ಕುಳಿತಿತ್ತು. ಬಿಳಿಯದು ಎಂದೆನೇ? ವಯಸ್ಸಾಗಿ ಹಳದಿ ತಿರುಗಿತ್ತು. ಯಾರೋ ಬಳಸಿದ್ದನ್ನು ತನ್ನ ಮೊದಲ ಸಂಬಳದಲ್ಲಿ ಕೊಂಡನಂತೆ. ಹೊಟ್ಟೆಯಲ್ಲೇನೋ ಕದಡಿದಂತಾಯಿತು. ಅದನ್ನು ಮರೆಸಲು ಅಧಿಕಪ್ರಸಂಗದ ಮಾತಾಡಿದೆ: “ಮಾಡಿದವರೇ ಕೈಬಿಟ್ಟ ಸಾಮಾನಿದು. ಮೂವತ್ತೈದು ವರ್ಷದವನಿಗೆ ಇದರ ಮೇಲೇನು ಮೋಹ?”

“ಮಾಡಿದವರು ಕೈಬಿಟ್ಟರು ಅಪ್ಪ, ಆಡಿದವರು ಬಿಡಲಿಲ್ಲ,” ಎಂದ.

ಆ ಸಂಜೆ ಅವನು ಹೇಳಿದ್ದನ್ನೆಲ್ಲ ಬರೆದರೆ ಒಂದು ಧಾರಾವಾಹಿಯೇ ಆದೀತು. ತಯಾರಿಕೆ ನಿಂತ ಆರು ವರ್ಷಗಳ ಮೇಲೂ, 2007ರವರೆಗೆ, ಜಪಾನಿನಲ್ಲಿ ಅದಕ್ಕೆ ಹೊಸ ಆಟಗಳು ಬಂದವು. ಆಮೇಲೆ ಅಭಿಮಾನಿಗಳೇ ಆಟ ಬರೆಯತೊಡಗಿದರು. ಡಿಸ್ಕ್ ಓದುವ ಭಾಗ ಸವೆದವರಿಗೆಂದು, ಮೆಮೊರಿ ಕಾರ್ಡಿನಿಂದ ಆಟ ಓದಿಸುವ ಫಲಕವೊಂದನ್ನು ಯಾರೋ ರಚಿಸಿದರು. ಮಗ ಅದನ್ನು ಹಾಕಿಸಿಲ್ಲ. ಡಿಸ್ಕ್ ತಿರುಗುವಾಗಿನ ಗರಗರ ಸದ್ದು ಕೇಳದಿದ್ದರೆ ಅವನಿಗೆ ಆಡಿದಂತೆಯೇ ಆಗುವುದಿಲ್ಲವಂತೆ. ‘ಷೆನ್‌ಮೂ’ ಎಂಬ ಕಥೆಯಾಟ ಎರಡನೆಯ ಭಾಗಕ್ಕೇ ನಿಂತುಹೋಗಿತ್ತು. ಅದರ ಕರ್ತೃ ಯು ಸುಜುಕಿ 2015ರಲ್ಲಿ ಮೂರನೆಯ ಭಾಗಕ್ಕೆಂದು ಜನರ ಮುಂದೆ ಕೈಚಾಚಿದಾಗ, ಸುಮಾರು 69,000 ಮಂದಿ ಸೇರಿ 63 ಲಕ್ಷ ಡಾಲರ್ ಕೂಡಿಸಿಕೊಟ್ಟರು. ಆಟ ಬಂದದ್ದು 2019ರ ನವೆಂಬರಿನಲ್ಲಿ. ಅದೂ ಬೇರೆ ಯಂತ್ರಗಳಿಗೆ. ಆದರೂ ಕೊಟ್ಟವರಲ್ಲಿ ನನ್ನ ಮಗನೂ ಒಬ್ಬ.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಪೆಟ್ಟಿಗೆಯ ಬದಿಯಲ್ಲಿದ್ದ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್. ಈಗ ಅವನ ಮನೆಯಲ್ಲಿ ತಂತಿಯ ಫೋನೇ ಇಲ್ಲ. ಮುದಿ ಮೋಡೆಮ್ಮಿಗೋ ಡಯಲ್ ಟೋನ್ ಕೇಳದೆ ನಡೆಯದು. ಆದ್ದರಿಂದ ಈ ಪುಟ್ಟ ಯಂತ್ರವು ಟೆಲಿಫೋನ್ ಎಕ್ಸ್‌ಚೇಂಜಿನ ವೇಷ ಹಾಕಿ, ಸುಳ್ಳು ಡಯಲ್ ಟೋನ್ ಕೇಳಿಸಿ ಅದನ್ನು ನಂಬಿಸುತ್ತದೆ. ಬಳಿಕ ಇಂದಿನ ಅಂತರ್ಜಾಲಕ್ಕೆ ದಾಟಿಸುತ್ತದೆ. ಕಂಪನಿ ಮುಚ್ಚಿದ ಸರ್ವರುಗಳ ಬದಲು ಅಭಿಮಾನಿಗಳು ತಮ್ಮ ಖರ್ಚಿನಲ್ಲಿ ಬೇರೆಯವನ್ನು ನಡೆಸುತ್ತಿದ್ದಾರೆ. “ಈಗ ಇದರಿಂದ ಯಾರ ಫೋನೂ ಎಂಗೇಜ್ ಆಗುವುದಿಲ್ಲ ಅಪ್ಪ,” ಎಂದು ಮಗ ನೆಲ ನೋಡುತ್ತ ಹೇಳಿದ.

ಆಗ ನಾನು ಇಪ್ಪತ್ತಮೂರು ವರ್ಷ ಗಂಟಲಲ್ಲಿಟ್ಟುಕೊಂಡದ್ದನ್ನು ಹೊರಹಾಕಿದೆ. ಆಟದ ನಡುವೆ ಬೇರೆ ಕರೆ ಬಂದರೆ ಸಂಪರ್ಕ ಕಡಿದುಹೋಗುತ್ತದೆಂದು ಮಗ ಗೋಗರೆದಾಗ, ಕಾಲ್ ವೇಟಿಂಗನ್ನು ತಡೆಯುವ ಸಂಕೇತವನ್ನು ಆ ಪೆಟ್ಟಿಗೆಗೆ ಉಣಿಸಿದವನು ನಾನೇ. ಫೋನ್ ಬಾಯಿ ಕಟ್ಟಿದ್ದು ನಾನು, ಬೈಸಿಕೊಂಡವನು ಅವನು. “ನನಗೆ ಗೊತ್ತಿತ್ತು,” ಎಂದ ಮಗ. “ನೀವು ಒತ್ತುವಾಗ ಪಕ್ಕದಲ್ಲೇ ನಿಂತಿದ್ದೆನಲ್ಲ.”

ಗೊತ್ತಿದ್ದೂ ಅಂದು ಅವನು ತಿರುಗಿ ಒಂದು ಮಾತು ಆಡಿರಲಿಲ್ಲ.

ಅವನು ಎದ್ದು ಹೋಗಿ ಹಳೆಯ ಪೆನ್ಸಿಲ್ ಡಬ್ಬಿಯೊಂದನ್ನು ತಂದ. ಅದರೊಳಗೆ ವಿಎಂಯು ಬಿಲ್ಲೆ. ಮಾರಾಟದ ಹಿಂದಿನ ರಾತ್ರಿ ಅದೊಂದನ್ನು ಕಂಟ್ರೋಲರಿನಿಂದ ಕಿತ್ತು ಬಚ್ಚಿಟ್ಟಿದ್ದನಂತೆ. ಕಂಟ್ರೋಲರಿಗೆ ಕೂರಿಸಿ ಸ್ವಿಚ್ಚು ಹಾಕಿದಾಗ ಅದು ಕೀಂಯೆಂದು ಉದ್ದಕ್ಕೆ ಕೂಗಿತು. ಸೆಲ್ಲು ಸತ್ತುದರ ದೂರು ಅದು. ಪೆಟ್ಟಿಗೆಯೊಳಗಿನ ಸೆಲ್ಲೂ ಎಂದೋ ಸತ್ತಿದೆ. ಅದರಿಂದ ಗಡಿಯಾರ ನಿಲ್ಲದೆ, ಪ್ರತಿಸಲ ಎಚ್ಚರವಾದಾಗಲೂ ಅದು 1998ರ ನವೆಂಬರ್ 27 ಎಂದುಕೊಂಡು ಏಳುತ್ತದೆ. ಜಪಾನಿನಲ್ಲಿ ಅದು ಮೊದಲು ಮಾರಾಟಕ್ಕೆ ಬಂದ ದಿನ. ಹೊಸ ಸೆಲ್ಲು ಬೆಸೆಯುವುದು ಕಷ್ಟವಲ್ಲವಾದರೂ ಮಗ ಬೆಸೆದಿಲ್ಲ. “ತಾರೀಖು ತಿದ್ದುವುದು ನಿಮ್ಮ ಕಸುಬು, ನೀವೇ ತಿದ್ದಿ,” ಎಂದು ಕಂಟ್ರೋಲರನ್ನು ನನ್ನ ಕೈಗಿತ್ತ. ತಿದ್ದಿದೆ.

ಆಮೇಲೆ ಬಿಲ್ಲೆಯೊಳಗಿನ ಕಡತಗಳನ್ನು ತೆರೆದು ತೋರಿಸಿದ. ಸೆಲ್ಲು ಸತ್ತರೂ ಬಿಲ್ಲೆಯಲ್ಲಿ ಬರೆದದ್ದು ಅಳಿಯುವುದಿಲ್ಲ. ಮೀನಿನ ಆಟದ ಕಡತದ ಎದುರಿಗೆ ಅದನ್ನು ಕೊನೆಯ ಸಲ ಉಳಿಸಿದ ದಿನವಿತ್ತು: ಅಕ್ಟೋಬರ್ 2000. ತಂದೆಯವರು ಹೊರಟ ಹಿಂದಿನ ರಾತ್ರಿ. ನನ್ನ ಜೀವಮಾನದಲ್ಲಿ ಎಷ್ಟೋ ತಾರೀಖುಗಳನ್ನು ನೋಡಿದ್ದೇನೆ. ಅಷ್ಟು ಹೊತ್ತು ಯಾವುದನ್ನೂ ನೋಡಿದವನಲ್ಲ.

“ಇನ್ನೊಮ್ಮೆ ಆಡಿ ಉಳಿಸಿದರೆ ಈ ತಾರೀಖು ಹೋಗುತ್ತದೆ,” ಎಂದ ಮಗ. ಅದಕ್ಕಾಗಿ ಈ ಬಿಲ್ಲೆಯಿಟ್ಟು ಆ ಆಟವನ್ನು ಅವನು ಒಮ್ಮೆಯೂ ಆಡಿಲ್ಲ. ಗಾಳದ ಕೋಲನ್ನು ಮಾತ್ರ ಎಲ್ಲೋ ಹುಡುಕಿ ಕೊಂಡಿಟ್ಟಿದ್ದಾನೆ.

ಬಿಲ್ಲೆಯನ್ನು ಕಿತ್ತು ಡಬ್ಬಿಗೆ ಹಾಕಿ, ಕೋಲನ್ನು ನನಗೆ ಕೊಟ್ಟ. ನೆನಪಿನ ಬಿಲ್ಲೆಯಿಲ್ಲದೆಯೇ ಆಟ ಶುರುವಾಯಿತು. ನಾನು ಬೀಸಿದೆ. ಸ್ವಲ್ಪ ಹೊತ್ತಿಗೆ ಹಿಡಿ ಅದುರಿತು, ಗಾಬರಿಯಾಗಿ ರಾಟೆಯನ್ನು ಸರಸರನೆ ಸುತ್ತಿದೆ, ದಾರ ಕಡಿದುಹೋಯಿತು.

“ತಾತ ಇಷ್ಟು ಅವಸರ ಮಾಡುತ್ತಿರಲಿಲ್ಲ,” ಎಂದು ಮಗ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡ.