ಅಟ್ಟದಿಂದ ಇಳಿದ ಮರದ ಕ್ಯಾಮೆರಾ

ಹುಕ್ಕೇರಿಯ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬರ ಮನೆಯ ಅಟ್ಟದಲ್ಲಿ, ಜೋಳದ ಚೀಲಗಳ ಹಿಂದೆ, ಕಪ್ಪು ಬಟ್ಟೆ ಸುತ್ತಿದ ಒಂದು ಮರದ ಕ್ಯಾಮೆರಾ ಇತ್ತು. ಅವರ ತಂದೆ 1950ರ ದಶಕದಲ್ಲಿ ಅದನ್ನು ಹೊತ್ತು ಸುತ್ತಲಿನ ಹಳ್ಳಿಗಳ ಮದುವೆ, ಜಾತ್ರೆಗಳಿಗೆ ತಿರುಗುತ್ತಿದ್ದರು. ಈಚೆಗೆ ಮನೆ ರಿಪೇರಿಯ ಹೊತ್ತಿನಲ್ಲಿ ಅದು ಕೆಳಗಿಳಿಯಿತು. ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಗುಜರಿಯವನು ಐನೂರು ಎಂದ. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಫೋನಿನಲ್ಲಿ ಚಿತ್ರ ತರಿಸಿಕೊಂಡು ಎಂಟು ಸಾವಿರ ಎಂದರು. ಮರುದಿನ ತಾವಾಗಿಯೇ ಹದಿನೈದಕ್ಕೆ ಏರಿದರು. ಕೇಳದಿದ್ದರೂ ಬೆಲೆ ಏರಿಸುವ ವ್ಯಾಪಾರಿಯನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಮನೆಯವರಿಗೆ ಬಂದದ್ದು ಅನುಮಾನವಲ್ಲ, ಆಸೆ. ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಳು, ವಿಜ್ಞಾನ ವಿಭಾಗ. ಮುಂದಿನ ವರ್ಷದ ಫೀಸಿನ ಚಿಂತೆ ತಂದೆಯ ತಲೆಯಲ್ಲಿ ಆಗಲೇ ಕುಳಿತಿತ್ತು.

ಹಿತ್ತಾಳೆಯ ಭಾಗಗಳು ಕಪ್ಪಾಗಿದ್ದವು. ಆಯಿ ಹುಣಸೆಹಣ್ಣಿನ ಬಟ್ಟಲು ಹಿಡಿದೇ ಬಂದರು. "ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಬಂಗಾರದಂಗ ಹೊಳಿತೈತಿ, ನಾಕು ದುಡ್ಡು ಹೆಚ್ಚ ಬರ್ತಾವ."

"ಬ್ಯಾಡ ಆಯಿ, ಮೊದಲ ಏನೈತಿ ಅಂತ ನೋಡೂಣು" ಎಂದು ಹುಡುಗಿ ತಡೆದಳು. ಒಳ್ಳೆಯದೇ ಆಯಿತು. ಹಳೆಯ ಕ್ಯಾಮೆರಾಗಳ ಹಿತ್ತಾಳೆಯ ಮೇಲೆ ಮೆರುಗೆಣ್ಣೆಯ ತೆಳುವಾದ ಪದರ ಇರುತ್ತದೆ. ಹುಳಿ ಅದನ್ನು ತಿಂದುಹಾಕುತ್ತದೆ. ತಿಳಿದವರು ಹೊಳಪಿಗಿಂತ ಕಲೆಗೇ ಹೆಚ್ಚು ಬೆಲೆ ಕೊಡುತ್ತಾರೆ.

ಇಂಥ ವಸ್ತುವಿನ ವಯಸ್ಸು ಹೇಳಲು ಜ್ಯೋತಿಷ್ಯ ಬೇಕಿಲ್ಲ, ಕಣ್ಣು ಬೇಕು. ಮೊದಲು ಸ್ಕ್ರೂಗಳನ್ನು ನೋಡಬೇಕು. ತಲೆಯ ಮೇಲೆ ಒಂದೇ ಗೀರು ಇದ್ದರೆ ಸರಿ. ಕೂಡಿಸುವ ಚಿಹ್ನೆಯಂತೆ ಎರಡು ಗೀರು ಇದ್ದರೆ ಎಚ್ಚರ. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಹೇಳುವ ಕ್ಯಾಮೆರಾದಲ್ಲಿ ಅದು ಕಂಡರೆ, ಒಂದೋ ನಡುವೆ ರಿಪೇರಿಯಾಗಿದೆ, ಇಲ್ಲವೇ ಇಡೀ ಕ್ಯಾಮೆರಾವೇ ಸುಳ್ಳು. ಹೋಟೆಲಿನ ಮೂಲೆಗಳಲ್ಲಿ ಅಲಂಕಾರಕ್ಕೆಂದು ನಿಲ್ಲಿಸುವ ಹೊಸ ಮಾಲು ಈಗ ಬೇಕಾದಷ್ಟು ತಯಾರಾಗುತ್ತದೆ. ಅದರಲ್ಲಿ ಹಿತ್ತಾಳೆ ಹೊಳೆಯುತ್ತದೆ, ಚಿತ್ರ ಮಾತ್ರ ಮೂಡುವುದಿಲ್ಲ. ಹಿಂಬದಿಯಲ್ಲಿ ಮಬ್ಬು ಗಾಜೇ ಇರುವುದಿಲ್ಲ.

ಈ ಕ್ಯಾಮೆರಾದಲ್ಲಿ ಮಬ್ಬು ಗಾಜು ಇತ್ತು, ಮೂಲೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಹುಡುಗಿ ಮಸೂರವನ್ನು ಬಿಚ್ಚಿ, ಕತ್ತಲೆ ಕೋಣೆಯ ಕಿಟಕಿಗೆ ಹಿಡಿದು, ಹಿಂದೆ ಬಿಳಿ ಕಾಗದ ಇಟ್ಟಳು. ದೂರದ ನೀರಿನ ಟಾಕಿ ಕಾಗದದ ಮೇಲೆ ತಲೆಕೆಳಗಾಗಿ ನಿಂತಿತು. ಅಳತೆಪಟ್ಟಿ ಹಿಡಿದರೆ ಮಸೂರದಿಂದ ಕಾಗದಕ್ಕೆ ಸುಮಾರು 21 ಸೆಂಟಿಮೀಟರು. ಬಹು ದೂರದ ವಸ್ತುವಿನ ಬಿಂಬ ಸಂಗಮಬಿಂದುವಿನಲ್ಲೇ ಬೀಳುವುದರಿಂದ ಅದೇ ಸಂಗಮದೂರ. ಆಮೇಲೆ ಗಾಜಿನ ಚೌಕಟ್ಟನ್ನು ಅಳೆದಳು: ನಾಲ್ಕೂ ಮುಕ್ಕಾಲು ಇಂಚು, ಆರೂವರೆ ಇಂಚು. ಇದನ್ನು ಹಳೆಯ ಸ್ಟುಡಿಯೋದವರು 'ಹಾಫ್ ಪ್ಲೇಟ್' ಎನ್ನುತ್ತಿದ್ದರು. ಪೈಥಾಗೊರಸನ ಪ್ರಮೇಯದಿಂದ ಅದರ ಕರ್ಣ ಎಂಟು ಇಂಚು, ಅಂದರೆ 20 ಸೆಂಟಿಮೀಟರಿಗಿಂತ ತುಸು ಹೆಚ್ಚು. ಕರ್ಣಕ್ಕೂ ಸಂಗಮದೂರಕ್ಕೂ ಹೊಂದಿಕೆಯಾದರೆ ಮಸೂರ ಈ ಪೆಟ್ಟಿಗೆಗೆ ತಕ್ಕದ್ದೇ ಎಂದಾಯಿತು. ಎಷ್ಟೋ ಕ್ಯಾಮೆರಾಗಳು ಮಾರುಕಟ್ಟೆಗೆ ಬರುವಾಗ ಯಾವುದೋ ಮಸೂರವನ್ನು ಅಂಟಿಸಿಕೊಂಡಿರುತ್ತವೆ.

ಮಸೂರದ ಉಂಗುರದ ಮೇಲೆ 8, 11, 16, 22 ಎಂದು ಕೆತ್ತಿತ್ತು. ಇದೂ ಒಂದು ಸುಳಿವು. 1881ರಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಕ್ರಮ ಜಾರಿಗೆ ಬಂದಿತ್ತು. ಅದರಲ್ಲಿ ಅಂಕಿಗಳು 4, 8, 16, 32 ಎಂದು ಇಮ್ಮಡಿಸುತ್ತವೆ, ಇಂದಿನ 8ಕ್ಕೆ ಅಲ್ಲಿ 4. ಆ ಅಂಕಿಗಳಿದ್ದರೆ ಮಸೂರ ಸಾಕಷ್ಟು ಹಳೆಯದು ಎನ್ನಬಹುದು. ಇಲ್ಲಿ ಅವು ಇರಲಿಲ್ಲ.

"ವಿಲಾಯತಿ ಮಾಲು" ಎಂದೇ ಮನೆಯಲ್ಲಿ ನಂಬಿಕೆ. ಆದರೆ ಮರ ತೇಗದ್ದು. ಒದ್ದೆ ಬಟ್ಟೆಯಿಂದ ಧೂಳನ್ನು ಮೆಲ್ಲಗೆ ಒರೆಸಿದಾಗ ಪಕ್ಕದ ಪುಟ್ಟ ತಗಡಿನ ಮೇಲೆ ಹೆಸರು ಕಂಡಿತು: ವಾಗೀಶ್ವರಿ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬುವರು 1940ರ ದಶಕದಲ್ಲಿ ಮಾಡತೊಡಗಿದ ಕ್ಯಾಮೆರಾ ಇದು. ಅವರದು ವಾದ್ಯಗಳನ್ನು ರಿಪೇರಿ ಮಾಡುವ ಮನೆತನ. ಸ್ಟುಡಿಯೋದವರೊಬ್ಬರು ಹರಿದ ಕ್ಯಾಮೆರಾ ತಿದಿಯನ್ನು ಸರಿಮಾಡಲು ತಂದುಕೊಟ್ಟರಂತೆ. ಹಾರ್ಮೋನಿಯಂ ತಿದಿ ಮಡಿಸಿದ ಕೈಗೆ ಇದೇನು ಕಷ್ಟ? ರಿಪೇರಿಯಿಂದ ಆರಂಭವಾದದ್ದು ಕಾರ್ಖಾನೆಯಾಯಿತು, ದೇಶದ ಊರೂರಿನ ಸ್ಟುಡಿಯೋಗಳಿಗೆ ಅವರ ಕ್ಯಾಮೆರಾ ಹೋಯಿತು. ಹುಕ್ಕೇರಿಗೆ ಅರವತ್ತೆಪ್ಪತ್ತು ಕಿಲೋಮೀಟರು ದೂರದ ಕೊಲ್ಹಾಪುರದಲ್ಲಿ ಬಾಬೂರಾವ್ ಪೇಂಟರ್ ಸಿನಿಮಾ ಕ್ಯಾಮೆರಾವನ್ನೇ ತಾವು ಕಟ್ಟಿಕೊಂಡು 1920ರಲ್ಲಿ 'ಸೈರಂಧ್ರಿ' ತೆಗೆದದ್ದನ್ನೂ ಇಲ್ಲಿ ನೆನೆಯಬಹುದು. ಗೋಕಾಕದ ಮರದ ಗೊಂಬೆಗಳನ್ನು ಕಂಡವರಿಗೆ ನಮ್ಮ ಬಡಗಿಗಳ ಕೈಚಳಕದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ.

ಹಾಗಾದರೆ ಬೆಲೆ? ಹಳೆಯದು ಎಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಇಂಗ್ಲೆಂಡಿನ ಸಾಧಾರಣ ಹಾಫ್ ಪ್ಲೇಟ್ ಕ್ಯಾಮೆರಾಗಳು ಸಾವಿರಗಟ್ಟಲೆ ತಯಾರಾದವು, ಇಂದಿಗೂ ಸಿಗುತ್ತವೆ. 2010ರಲ್ಲಿ ವಿಯೆನ್ನಾದ ಹರಾಜಿನಲ್ಲಿ 1839ರ ಒಂದು ಮರದ ಪೆಟ್ಟಿಗೆ 7,32,000 ಯೂರೋಗೆ ಹೋಯಿತು ನಿಜ. ಆದರೆ ಅದು ಛಾಯಾಚಿತ್ರಣದ ಮೂಲಪುರುಷರಲ್ಲೊಬ್ಬನಾದ ಡಾಗೇರನ ಸಹಿ ಇದ್ದ, ಜಿರೂ ಎಂಬುವನು ಮಾಡಿದ ಕ್ಯಾಮೆರಾ. ಆ ಸುದ್ದಿ ಓದಿ ಅಟ್ಟ ಹತ್ತುವವರೇ ಹೆಚ್ಚು. ನೂರು ವರ್ಷ ದಾಟಿದ, ವಿಜ್ಞಾನವನ್ನೋ ಕಸುಬನ್ನೋ ತೋರಿಸುವ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಈ ಕ್ಯಾಮೆರಾಕ್ಕೆ ಅಷ್ಟು ವಯಸ್ಸಾಗಿಲ್ಲ. ತಗಡು, ಮಸೂರ, ತಿದಿ, ಪ್ಲೇಟು ಇಡುವ ಪೆಟ್ಟಿಗೆ ಎಲ್ಲವೂ ಜೊತೆಗಿರುವುದರಿಂದ ಗುಜರಿಯವನ ಐನೂರು ಅನ್ಯಾಯ. ಲಕ್ಷದ ಮಾತು ಕನಸು. ವ್ಯಾಪಾರಿಯ ಹದಿನೈದು ಸಾವಿರ ನಡುವೆ ಎಲ್ಲೋ ನಿಲ್ಲುತ್ತದೆ.

ಕ್ಯಾಮೆರಾದ ಕೆಳಗೆ ಇನ್ನೊಂದು ರಟ್ಟಿನ ಡಬ್ಬಿ ಇತ್ತು. ಒಳಗೆ ಹನ್ನೊಂದು ಗಾಜಿನ ನೆಗೆಟಿವ್‌ಗಳು. ವ್ಯಾಪಾರಿಗೆ ಅವು ಬೇಕಿರಲಿಲ್ಲ, "ಗಾಜು ದಾರಿಯೊಳಗ ಒಡೀತಾವ್ರಿ" ಎಂದಿದ್ದರು. ಹುಡುಗಿ ಅಂಚು ಮಾತ್ರ ಹಿಡಿದು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಎತ್ತಿ, ಫೋನಿನಲ್ಲಿ ಚಿತ್ರ ತೆಗೆದು, ಕಪ್ಪು ಬಿಳುಪನ್ನು ತಿರುವು ಮಾಡಿದಳು. ಏಳನೆಯದರಲ್ಲಿ ಒಂದು ಗುಡಿ, ಮುಂದೆ ಒಣ ನೆಲ, ಎರಡು ಚಕ್ಕಡಿ, ಸಾಲಾಗಿ ನಿಂತ ಜನ.

ಆಯಿ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರು. ಅದು ಹುನ್ನೂರಿನ ವಿಠ್ಠಲ ದೇವರ ಗುಡಿ. ಹಿಡಕಲ್ ಅಣೆಕಟ್ಟೆಯ ನೀರು ನಿಂತ ಮೇಲೆ ಊರು ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿ ಮಾತ್ರ ಹೊರಗೆ ಕಾಣುತ್ತದೆ. ಆಯಿಯ ತವರು ಅದೇ ಊರು.

"ಇವ ನಮ್ಮಣ್ಣ. ಇಕಿ ನಮ್ಮವ್ವ. ಆ ಎತ್ತಿನ ಹೆಸರು ಏನಿತ್ತು..." ಎಂದು ಆಯಿ ಒಬ್ಬೊಬ್ಬರನ್ನೇ ಗುರುತಿಸುತ್ತ ಹೋದರು. ಹೊಲಿಗೆ ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಮೊಮ್ಮಗಳು ಎಲ್ಲವನ್ನೂ ಬರೆದುಕೊಂಡಳು. ಫೀಸಿಗೆ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹೋಗಿದೆ. ವ್ಯಾಪಾರಿ ಮತ್ತೆ ಫೋನು ಮಾಡಿ ಹದಿನೆಂಟು ಎಂದಿದ್ದಾರೆ.