ಗುರುತು ಓದುವ ಕಣ್ಣು

ಕಿಕ್ಕೇರಿ ಎಂದರೆ ಹೊರಗಿನವರಿಗೆ ಕೆ.ಎಸ್. ನರಸಿಂಹಸ್ವಾಮಿ ನೆನಪಾಗುತ್ತಾರೆ. ನನಗೆ ನೆನಪಾಗುವುದು ಮಾಮುವಿನ ರೇಡಿಯೊ, ಟೀವಿ ರಿಪೇರಿ ಅಂಗಡಿ. ಮೂವತ್ತೈದು ವರ್ಷದ ಆ ಅಂಗಡಿಯನ್ನು ಬಿಟ್ಟುಕೊಡುವ ಮಾತು ಈಗ ಮನೆಯಲ್ಲಿ ನಡೆದಿದೆ, ಏಕೆಂದರೆ ಮಾಮುವಿನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಲೆಕ್ಕಶಾಸ್ತ್ರ ಓದುವವಳು ನಾನೊಬ್ಬಳೇ ಆದ್ದರಿಂದ ಸ್ಟಾಕ್ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎಣಿಸಿ ಬರೆದರೆ ಮುಗಿಯಿತು ಎಂದುಕೊಂಡು ಹೋದೆ. ಎಣಿಸುವುದು ಸುಲಭವೇ. ಎಣಿಸಿದ್ದು ಏನು ಎಂದು ತಿಳಿಯುವುದೇ ಕಷ್ಟ.

ಮೊದಲು ಸಿಕ್ಕಿದ್ದು ರೆಸಿಸ್ಟರ್‌ಗಳ ಡಬ್ಬಿ. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಮೈಮೇಲೆ ಬಣ್ಣದ ಪಟ್ಟೆಗಳು. 'ಕಾಲಾ, ಭೂರಾ, ಲಾಲ್, ನಾರಂಗಿ, ಪೀಲಾ, ಹರಾ, ನೀಲಾ, ಜಾಮನಿ, ಸುರ್ಮಯಿ, ಸಫೇದ್' ಎಂದು ಮಾಮು ಮಗ್ಗಿಯಂತೆ ಹೇಳಿಕೊಟ್ಟರು. ಕಪ್ಪು 0, ಬಿಳಿ 9, ಉಳಿದವು ನಡುವೆ ಕ್ರಮವಾಗಿ. ಹಳದಿ, ನೇರಳೆ, ಕೆಂಪು ಎಂದರೆ 47ರ ಮುಂದೆ ಎರಡು ಸೊನ್ನೆ, 4700 ಓಮ್. ಕೊನೆಯ ಚಿನ್ನದ ಪಟ್ಟೆ ಇದ್ದರೆ ನೂರಕ್ಕೆ ಐದರಷ್ಟು ಹೆಚ್ಚು ಕಡಿಮೆ ಇರಬಹುದು ಎಂದರ್ಥ. ಅಂಕಿಯನ್ನೇ ಬರೆಯಬಾರದಿತ್ತೇ ಎಂದು ಕೇಳಿದೆ. ಉರುಟಾದ ಮೈಮೇಲೆ ಬರೆದ ಅಂಕಿ ಬೋರ್ಡಿನ ಕಡೆಗೆ ತಿರುಗಿಬಿಟ್ಟರೆ ಯಾರಿಗೆ ಕಾಣುತ್ತದೆ? ಸುತ್ತ ಬಳಿದ ಪಟ್ಟೆ ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ. ಇನ್ನೂ ಹಿಂದಿನ ರೇಡಿಯೊಗಳಲ್ಲಿ ಪಟ್ಟೆಯೂ ಇರಲಿಲ್ಲ: ಮೈಬಣ್ಣ ಮೊದಲ ಅಂಕಿ, ತುದಿಯ ಬಣ್ಣ ಎರಡನೆಯದು, ಚುಕ್ಕಿ ಸೊನ್ನೆಗಳ ಲೆಕ್ಕ. ಬಣ್ಣದ ಈ ಲೆಕ್ಕ 1952ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಹಳದಿ ಗಾಜಿನ ಹಿಂದೆ ಇದ್ದಂತೆ. ನೀಲಿ ಯಾವುದು, ನೇರಳೆ ಯಾವುದು ಎಂದು ಮಾಮುವಿಗೆ ಈಗ ಗೊತ್ತಾಗುವುದಿಲ್ಲ. ನೀಲಿ 6, ನೇರಳೆ 7. ಆದ್ದರಿಂದ ಒಂದೊಂದನ್ನೂ ಮಲ್ಟಿಮೀಟರಿಗೆ ಹಿಡಿದು ನೋಡುತ್ತಾರೆ. ನಾನು ಪಕ್ಕದಲ್ಲಿ ಕುಳಿತು ಬಣ್ಣ ಹೇಳಿದೆ, ಅವರು ಬೆಲೆ ಹೇಳಿದರು.

ಟ್ರಾನ್ಸಿಸ್ಟರ್‌ಗಳ ಡಬ್ಬಿ ಅವರ ಉಸ್ತಾದರ ಕಾಲದ್ದು. ಹಳೆಯ ತಗಡಿನ ಟೋಪಿಯ ಕೆಲವುಗಳ ಮೇಲೆ 'ಬಿಇಎಲ್' ಎಂದಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮದೇ ಭಾರತ್ ಎಲೆಕ್ಟ್ರಾನಿಕ್ಸ್! ಸೇನೆಗೆ ರಡಾರ್ ಮಾಡುವವರು ಹಳ್ಳಿಯ ರೇಡಿಯೊದೊಳಗೂ ಇದ್ದರು ಎಂದು ನನಗೆ ಗೊತ್ತಿರಲಿಲ್ಲ. ಎಸಿ 128, ಬಿಸಿ 148 ಎಂಬ ಹೆಸರುಗಳಲ್ಲಿ ಒಂದು ವ್ಯಾಕರಣವಿದೆ. ಯುರೋಪಿನ ತಯಾರಕರು 1966ರಲ್ಲಿ ಪ್ರೊ ಎಲೆಕ್ಟ್ರಾನ್ ಎಂಬ ಸಂಸ್ಥೆ ಕಟ್ಟಿ ಇದನ್ನು ನೆಲೆಗೊಳಿಸಿದರು. ಮೊದಲ ಅಕ್ಷರ 'ಎ' ಆದರೆ ಜರ್ಮೇನಿಯಂ, 'ಬಿ' ಆದರೆ ಸಿಲಿಕಾನ್. ಎರಡನೆಯದು ಕೆಲಸ ಹೇಳುತ್ತದೆ: 'ಸಿ' ಧ್ವನಿಯ ಸಣ್ಣ ಟ್ರಾನ್ಸಿಸ್ಟರ್, 'ಎಫ್' ರೇಡಿಯೊ ತರಂಗದ್ದು, 'ವೈ' ರೆಕ್ಟಿಫೈಯರ್ ಡಯೋಡ್. ಅಮೆರಿಕದವರದು ಬೇರೆ ಪದ್ಧತಿ, '1ಎನ್' ಡಯೋಡ್, '2ಎನ್' ಟ್ರಾನ್ಸಿಸ್ಟರ್, ಮುಂದೆ ಬರೀ ಕ್ರಮಸಂಖ್ಯೆ. ನನಗೆ ಯುರೋಪಿನದೇ ಹಿಡಿಸಿತು. ಲೆಡ್ಜರಿನಲ್ಲಿ ಖಾತೆ ವಿಂಗಡಿಸಿದ ಹಾಗೆ.

ಐಸಿಗಳ ಮೇಲೆ ಇನ್ನೊಂದು ಸಾಲು ಅಂಕಿ ಇರುತ್ತದೆ. 8734 ಎಂದರೆ 1987ರ 34ನೆಯ ವಾರದಲ್ಲಿ ತಯಾರಾದದ್ದು. ಹುಟ್ಟಿದ ವಾರ ಮೈಮೇಲೇ ಇದ್ದರೂ ಕಣ್ಣುಮುಚ್ಚಿ ನಂಬುವಂತಿಲ್ಲವಂತೆ. ಹಳೆಯ ಮಾಲನ್ನು ಉಜ್ಜಿ ಹೊಸ ನಂಬರು ಅಚ್ಚು ಹಾಕಿ ಮಾರುವವರಿದ್ದಾರೆ. ಮಾಮು ಹತ್ತಿಗೆ ಅಸಿಟೋನ್ ಹಚ್ಚಿ ಒರೆಸಿ ನೋಡುತ್ತಾರೆ, ನಕಲಿ ಮಸಿಯಾದರೆ ಎಷ್ಟೋ ಸಲ ಎದ್ದು ಬರುತ್ತದೆ. ಈಗ ಹೆಚ್ಚಿನ ಕಂಪನಿಗಳು ಲೇಸರಿನಿಂದ ಕೆತ್ತುತ್ತವೆ. ಅದು ಅಳಿಸದು, ಆದರೆ ಬೆಳಕನ್ನು ಓರೆ ಹಿಡಿದರೆ ಮಾತ್ರ ಕಾಣುತ್ತದೆ.

ಇನ್ನು ಎಲ್‌ಇಡಿ ಟೀವಿಗಳ ಬೋರ್ಡುಗಳು. ಎಳ್ಳಿನಷ್ಟು ಚಪ್ಪಟೆ ರೆಸಿಸ್ಟರಿನ ಮೇಲೆ 472 ಎಂದಿದ್ದರೆ ಅದೇ 4700 ಓಮ್. ಬಣ್ಣ ಹೋಗಿ ಅಂಕಿ ಬಂದಿದೆ, ಲೆಕ್ಕ ಹಳೆಯದೇ. ಆದರೆ ಕೆಲವದರ ಮೇಲೆ 01ಸಿ ಎಂದಿರುತ್ತದೆ. ಅದು 10,000 ಓಮ್. ಇದಕ್ಕೆ ಮಗ್ಗಿ ಸಾಲದು, ಪಟ್ಟಿಯೇ ಬೇಕು. ಸಣ್ಣ ಟ್ರಾನ್ಸಿಸ್ಟರಿನ ಮೇಲೆ ಪೂರ್ತಿ ಹೆಸರಿಗೆ ಜಾಗವಿಲ್ಲ, ಎರಡೋ ಮೂರೋ ಅಕ್ಷರದ ಸಂಕೇತವಷ್ಟೇ. ಒಂದೇ ಸಂಕೇತ ಎರಡು ಕಂಪನಿಗಳಲ್ಲಿ ಎರಡು ಬೇರೆ ವಸ್ತುವಾಗಿರುವುದೂ ಉಂಟು. ಅತಿ ಚಿಕ್ಕ ರೆಸಿಸ್ಟರುಗಳ ಮೇಲೆ, ಆ ಕಂದು ಬಣ್ಣದ ಸೆರಾಮಿಕ್ ಕೆಪಾಸಿಟರ್‌ಗಳ ಮೇಲೆ ಏನೂ ಇಲ್ಲ. ಯಂತ್ರವೇ ಸುರುಳಿಯಿಂದ ಎತ್ತಿ ಕೂರಿಸುವಾಗ ಸುರುಳಿಯ ಚೀಟಿ ಸಾಕು. ರಿಪೇರಿ ಮಾಡುವವನು ಆ ಚೀಟಿಯನ್ನು ಕಾಣುವುದೇ ಇಲ್ಲ. ಪೊರೆ ತೆಗೆಸಿಕೊಂಡರೂ ಅಲ್ಲಿ ಓದಲು ಏನಿದೆ ಎಂದು ಮಾಮು ನಕ್ಕರು. ನನಗೆ ನಗು ಬರಲಿಲ್ಲ.

ಸ್ಟಾಕಿನ ಬೆಲೆ ಕಟ್ಟುವ ನಿಯಮ ನಮಗೆಲ್ಲ ಗೊತ್ತು: ಕೊಂಡ ಬೆಲೆ, ಮಾರಿದರೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಂಗಡಿ ನೋಡಲು ಬಂದವರು ಮೇಜು, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಸಾಕು, ಉಳಿದದ್ದನ್ನು ಗುಜರಿಗೆ ತೂಕಕ್ಕೆ ಹಾಕಿ ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ಆದರೆ ಹಳೆಯ ಆಂಪ್ಲಿಫೈಯರ್ ಹಿಡಿದುಕೊಂಡು ಕೆ.ಆರ್. ಪೇಟೆಯಿಂದ ಈಗಲೂ ಬರುವವರಿದ್ದಾರೆ. ಅವರಿಗೆ ಬೇಕಾದ ಎಸಿ 128 ಈ ಡಬ್ಬಿಯಲ್ಲಿದೆ ಎಂದು ತಿಳಿದವರು ಮಾಮು ಒಬ್ಬರೇ ಆಗಿದ್ದರು, ಈಗ ನಾನೂ ಇದ್ದೇನೆ.

ಪಟ್ಟಿಯಲ್ಲಿ ನಾಲ್ಕು ಕಾಲಂ ಹಾಕಿದ್ದೇನೆ: ಮೈಮೇಲಿನ ಗುರುತು, ಅದರ ಅರ್ಥ, ಎಷ್ಟಿದೆ, ಬೆಲೆ. ಮೂರು ತುಂಬಿವೆ. ಬೆಲೆಯನ್ನು ಕಣ್ಣಿನ ಆಪರೇಷನ್ ಆದ ಮೇಲೆ ಹೇಳುತ್ತೇನೆ, ಅಲ್ಲಿಯವರೆಗೆ ಗುಜರಿಯವನನ್ನು ಒಳಗೆ ಬಿಡಬೇಡ ಬೇಟಿ ಎಂದಿದ್ದಾರೆ ಮಾಮು.